ನೈಟ್ ಡ್ಯೂಟಿ ಮುಗಿಸಿ ಎನ್‌ಕ್ಲೆಕ್ಸ್‌ಗೆ ಓದುತ್ತಿರುವವರಿಗೆ

ಪ್ರೀತಿಯ ಸಿಸ್ಟರ್‌ಗಳೇ, ಬ್ರದರ್‌ಗಳೇ,

ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡುತ್ತಲೇ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಗೆ ತಯಾರಾಗುತ್ತಿರುವ ನಿಮಗೆಲ್ಲ ಈ ಪತ್ರ. ಅಮೆರಿಕದಲ್ಲಿ ನೋಂದಾಯಿತ ನರ್ಸ್ (ಆರ್‌ಎನ್) ಆಗಬೇಕಾದರೆ ಈ ಪರೀಕ್ಷೆ ದಾಟಲೇಬೇಕು. 2015ರಿಂದ ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲೂ ಇದೇ ಪರೀಕ್ಷೆ. ಆಸ್ಟ್ರೇಲಿಯಾ ಕೂಡ 2020ರಿಂದ, ಹೊರದೇಶಗಳಲ್ಲಿ ಕಲಿತು ಬರುವ ಅನೇಕ ನರ್ಸ್‌ಗಳಿಗೆ ಇದನ್ನೇ ಇಟ್ಟಿದೆ. ನಿಮ್ಮಲ್ಲಿ ಬಹಳ ಜನ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿಯುಸಿಯಲ್ಲಿ ಬಯಾಲಜಿ ಪುಸ್ತಕದ ಪಕ್ಕ ಡಿಕ್ಷನರಿ ಇಟ್ಟುಕೊಂಡು ಒಂದೊಂದು ಸಾಲನ್ನೂ ಬಿಡಿಸಿಕೊಂಡವರು. ಪಿಜಿಯ ರೂಮಿನಲ್ಲಿ ಮೂವರು ನಾಲ್ವರ ನಡುವೆ, ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಮೊಬೈಲ್ ಬೆಳಕಿನಲ್ಲಿ ಓದುವವರು. ಪರೀಕ್ಷೆಯ ನೋಂದಣಿಗೇ 200 ಡಾಲರ್, ಅಮೆರಿಕದ ಹೊರಗೆ ಕೂತು ಬರೆಯುವುದಕ್ಕೆ ಮತ್ತೆ 150 ಡಾಲರ್. ಕಾಗದಪತ್ರದ ಪರಿಶೀಲನೆ, ಇಂಗ್ಲಿಷ್ ಪರೀಕ್ಷೆ, ಕೋಚಿಂಗ್ ಇವೆಲ್ಲ ಬೇರೆ. ಆ ಹಣ ಯಾರ ಕಿವಿಯ ಓಲೆ ಅಡವಿಟ್ಟು ಬಂತು, ಯಾವ ಸಂಘದ ಸಾಲದಿಂದ ಬಂತು ಎಂಬುದು ನಿಮಗೆ ಗೊತ್ತು.

ನಾನು ನರ್ಸಿಂಗ್ ಕಲಿಸುವವಳು. ನಿಮ್ಮಂಥವರ ಜೊತೆ ಕೂತು ಪ್ರಶ್ನೆಗಳನ್ನು ಬಿಡಿಸುತ್ತ ಬಂದಿದ್ದೇನೆ. ನೀವು ಓದುವ ಗಂಟೆಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹನ್ನೆರಡು ಗಂಟೆ ನಿಂತು ಬಂದ ಕಾಲುಗಳನ್ನು ಮಡಿಚಿಕೊಂಡು ಪುಸ್ತಕ ತೆರೆಯುವವರಿಗೆ ಇನ್ನಷ್ಟು ಓದಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಬರೆಯುತ್ತಿರುವುದು ಓದುವ ರೀತಿಯ ಬಗ್ಗೆ. ನಮ್ಮ ಕಾಲೇಜುಗಳು ನಮಗೆ ಒಂದು ಬಗೆಯ ಪರೀಕ್ಷೆಗೆ ಓದುವುದನ್ನು ಚೆನ್ನಾಗಿ ಕಲಿಸಿವೆ. ಎನ್‌ಕ್ಲೆಕ್ಸ್ ಆ ಬಗೆಯದಲ್ಲ. ಇಷ್ಟನ್ನು ಮನಸ್ಸಿಗೆ ತಂದುಕೊಳ್ಳದೆ ತಿಂಗಳುಗಟ್ಟಲೆ ಕಷ್ಟಪಟ್ಟವರನ್ನು ನೋಡಿ ನೋಡಿ ಈ ಪತ್ರ ಬರೆಯಬೇಕೆನಿಸಿತು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನೆನಪಿಸಿಕೊಳ್ಳಿ. ಲಾಂಗ್ ಎಸ್ಸೆ, ಶಾರ್ಟ್ ಎಸ್ಸೆ, ಶಾರ್ಟ್ ಆನ್ಸರ್. ಹೃದಯಾಘಾತದ ವ್ಯಾಖ್ಯೆ ಬರಿ, ಕಾರಣಗಳನ್ನು ಪಟ್ಟಿ ಮಾಡು, ನರ್ಸಿಂಗ್ ಮ್ಯಾನೇಜ್‌ಮೆಂಟ್ ವಿವರಿಸು. ಅದಕ್ಕೆ ನಾವು ತಲೆಬರಹಗಳನ್ನು ಬಾಯಿಪಾಠ ಮಾಡಿದೆವು, ಸ್ಕೇಲಿಟ್ಟು ಅಂಡರ್‌ಲೈನ್ ಎಳೆದೆವು, ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸಿದೆವು. ಅಂಕವೂ ಬಂತು. ಅದು ವ್ಯರ್ಥವಾಗಲಿಲ್ಲ, ಅಲ್ಲಿ ಕಲಿತ ಅನಾಟಮಿ, ಫಿಸಿಯಾಲಜಿ ಇಲ್ಲದಿದ್ದರೆ ಇಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು. ಆದರೆ ಎನ್‌ಕ್ಲೆಕ್ಸ್ ಕೇಳುವುದು ಬೇರೆ. ಉದಾಹರಣೆಗೆ ನಾನೇ ಕಟ್ಟಿದ ಒಂದು ಪ್ರಶ್ನೆ ನೋಡಿ.

ಹ್ಯಾಂಡೋವರ್ ಮುಗಿದಿದೆ. ನಿಮ್ಮ ಪಾಲಿಗೆ ನಾಲ್ವರು. ಎರಡು ದಿನದ ಹಿಂದೆ ಅಪೆಂಡಿಕ್ಸ್ ಆಪರೇಷನ್ ಆದ ಯುವಕ, ನೋವು ಹತ್ತಕ್ಕೆ ಏಳು ಎನ್ನುತ್ತಿದ್ದಾನೆ. ಸಿಒಪಿಡಿ ಇರುವ ಅಜ್ಜ, ಆಕ್ಸಿಜನ್ ಸ್ಯಾಚುರೇಶನ್ ಶೇ. 90. ಸಕ್ಕರೆ ಕಾಯಿಲೆಯ ಹೆಂಗಸು, ಗ್ಲೂಕೋಸ್ 240. ನಿನ್ನೆ ಥೈರಾಯ್ಡ್ ತೆಗೆದಿರುವ ಹೆಂಗಸು, ತುಟಿಯ ಸುತ್ತ ಜುಮ್ಮೆನ್ನುತ್ತಿದೆ ಎನ್ನುತ್ತಿದ್ದಾರೆ. ಮೊದಲು ಯಾರ ಹತ್ತಿರ ಹೋಗುತ್ತೀರಿ?

ತರಗತಿಯಲ್ಲಿ ಹೆಚ್ಚು ಕೈಗಳು ಏಳುವುದು ಅಜ್ಜನ ಪರವಾಗಿ. ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಷನ್ ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ. ಆಕ್ಸಿಜನ್ ಸಂಖ್ಯೆ ಕಡಿಮೆ ಕಂಡ ಕೂಡಲೇ ಮನಸ್ಸು ಅತ್ತ ಓಡುತ್ತದೆ. ಆದರೆ ಸಿಒಪಿಡಿ ಇರುವವರಿಗೆ 88ರಿಂದ 92ರ ನಡುವೆ ಇರಲಿ ಎಂದೇ ನಾವು ಆಕ್ಸಿಜನ್ ಹೊಂದಿಸುತ್ತೇವೆ. ಅಜ್ಜನ 90 ಅವರ ಕಾಯಿಲೆಯಲ್ಲಿ ನಿರೀಕ್ಷಿತ. ಆಪರೇಷನ್ ಆದವನ ನೋವೂ ನಿರೀಕ್ಷಿತ. ಔಷಧ ಕೊಡಬೇಕು, ಆದರೆ ಆತ ಹತ್ತು ನಿಮಿಷ ಕಾಯಬಲ್ಲ. 240 ಕೂಡ ಈ ಕ್ಷಣದ ಅಪಾಯವಲ್ಲ. ತುಟಿಯ ಸುತ್ತ ಜುಮ್ಮೆನ್ನುವುದು ಮಾತ್ರ ಅಲ್ಲಿ ಇರಬಾರದ ಲಕ್ಷಣ. ಥೈರಾಯ್ಡ್‌ಗೆ ಅಂಟಿಕೊಂಡ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಆಪರೇಷನ್ನಿನಲ್ಲಿ ಪೆಟ್ಟು ಬಿದ್ದರೆ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಮೊದಲು ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ, ಆಮೇಲೆ ಸ್ನಾಯು ಸೆಳೆತ, ಅದು ಗಂಟಲಿಗೆ ಬಂದರೆ ಉಸಿರಿನ ದಾರಿಯೇ ಮುಚ್ಚಿಕೊಳ್ಳಬಹುದು. ಕ್ಯಾಲ್ಸಿಯಂ ಗ್ಲೂಕೋನೇಟ್, ಟ್ರಾಕಿಯಾಸ್ಟಮಿ ಸೆಟ್ ಹಾಸಿಗೆಯ ಪಕ್ಕ ಇರಬೇಕು ಎಂದು ನಾವೆಲ್ಲ ಬರೆದು ಅಂಕ ತೆಗೆದುಕೊಂಡದ್ದು ಈ ಕಾರಣಕ್ಕೆ. ಹಾಗಾಗಿ ಮೊದಲು ಹೋಗಬೇಕಾದದ್ದು ಆಕೆಯ ಹತ್ತಿರ.

ಇಲ್ಲಿ ಗಮನಿಸಿ: ಈ ಪ್ರಶ್ನೆಗೆ ಬೇಕಾದ ಒಂದೊಂದು ವಿಷಯವೂ ನಿಮಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಪಕ್ಕಪಕ್ಕ ಇಟ್ಟು ತೂಗಿ ನಿರ್ಧಾರ ಮಾಡುವ ಅಭ್ಯಾಸ ಇರಲಿಲ್ಲ, ಅಷ್ಟೇ. ಯಾವುದು ಈ ಕಾಯಿಲೆಯಲ್ಲಿ ನಿರೀಕ್ಷಿತ, ಯಾವುದು ಅಲ್ಲ? ಯಾರು ಸ್ಥಿರ, ಯಾರು ಕೈತಪ್ಪುವ ಹಾದಿಯಲ್ಲಿದ್ದಾರೆ? ಈಗಷ್ಟೇ ಶುರುವಾದದ್ದು ಯಾವುದು, ಹಳೆಯದು ಯಾವುದು? ಪ್ರತಿ ಪ್ರಶ್ನೆಯ ಮುಂದೆ ಈ ಮೂರನ್ನು ಕೇಳಿಕೊಳ್ಳುವುದು ಕೈಬಂದರೆ ದಪ್ಪ ಪುಸ್ತಕದ ಇನ್ನೊಂದು ಓದಿಗಿಂತ ಹೆಚ್ಚು ಲಾಭ.

ಪುಸ್ತಕವನ್ನು ಮತ್ತೆ ಮತ್ತೆ ಓದುವುದರ ವಿಷಯಕ್ಕೇ ಬರುತ್ತೇನೆ. ಅಮೆರಿಕದ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸುತ್ತು ಓದಿದರು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಪಾಠ ಮುಚ್ಚಿಟ್ಟು, ನೆನಪಿದ್ದದ್ದನ್ನು ಮೂರು ಸಲ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದು: ಶೇ. 83, ಬರೆದವರು ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರ ನೆನಪು ಶೇ. 40ಕ್ಕೆ ಇಳಿದಿತ್ತು, ಮುಚ್ಚಿಟ್ಟು ಬರೆದವರಲ್ಲಿ ಶೇ. 61 ಉಳಿದಿತ್ತು. ರಾತ್ರಿ ಓದಿ ಮಲಗುವಾಗ ಎಲ್ಲ ಬಂದಂತಿತ್ತು, ಮುಂದಿನ ವಾರ ಏನೂ ಇಲ್ಲ ಎಂದು ನೀವು ಅಳುವುದು ಈ ಕಾರಣಕ್ಕೆ. ನಿಮ್ಮ ತಲೆಯಲ್ಲಿ ಯಾವ ಕೊರತೆಯೂ ಇಲ್ಲ. ಮರು ಓದು ಎಲ್ಲರಿಗೂ ಹಾಗೇ ಮಾಡುತ್ತದೆ. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಬಗೆಯ ಓದಿನ ಕ್ರಮಗಳನ್ನು ಒರೆಗೆ ಹಚ್ಚಿದಾಗ, ಮತ್ತೆ ಮತ್ತೆ ಓದುವುದು, ಹೈಲೈಟರ್ ಎಳೆಯುವುದು ಕೆಳಗಿನ ಸಾಲಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ದಿನಗಳ ಅಂತರ ಬಿಟ್ಟು ಹಿಂತಿರುಗುವುದು ಮೇಲಿನ ಸಾಲಿನಲ್ಲಿ ನಿಂತವು.

ಹಾಗಾದರೆ ಕ್ವೆಶ್ಚನ್ ಬ್ಯಾಂಕ್ ತೆಗೆದುಕೊಂಡು ದಿನಕ್ಕೆ ನೂರು ಪ್ರಶ್ನೆ ಹೊಡೆದರೆ ಸಾಕೇ? ಸಾಲದು. ನೂರು ಪ್ರಶ್ನೆ ಮುಗಿಸಿ ಶೇ. 58 ಎಂಬ ಅಂಕ ನೋಡಿ, ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿ ಮಲಗುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ಆ ಪ್ರಶ್ನೆಗಳ ಬೆಲೆ ಇರುವುದು ಉತ್ತರದ ಕೆಳಗಿನ ವಿವರಣೆಯಲ್ಲಿ. ಮೂವತ್ತು ಪ್ರಶ್ನೆ ಬಿಡಿಸಿ. ಆಮೇಲೆ ಅದರ ಎರಡರಷ್ಟು ಹೊತ್ತು ವಿವರಣೆಗೆ ಕೊಡಿ. ಸರಿಯಾದ ಉತ್ತರ ಏಕೆ ಸರಿ ಎಂಬುದಷ್ಟೇ ಅಲ್ಲ, ಉಳಿದ ಮೂರು ಏಕೆ ತಪ್ಪು, ಯಾವ ಸಂದರ್ಭದಲ್ಲಿ ಅವೇ ಸರಿಯಾಗುತ್ತಿದ್ದವು ಎಂದು ಕೇಳಿಕೊಳ್ಳಿ. ಊಹೆಯಿಂದ ಸರಿಯಾದದ್ದನ್ನೂ ತಪ್ಪಿನ ಲೆಕ್ಕಕ್ಕೇ ಹಾಕಿ.

ಒಂದು ನೋಟ್‌ಬುಕ್ ಇಡಿ, ತಪ್ಪಿದ್ದಕ್ಕಾಗಿಯೇ. ಅದರಲ್ಲಿ ಇಡೀ ಪ್ರಶ್ನೆ ಇಳಿಸಬೇಡಿ. ಏಕೆ ತಪ್ಪಿತು ಎಂದಷ್ಟೇ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದಿರೇ, ಅಥವಾ ಎಲ್ಲ ಗೊತ್ತಿದ್ದೂ ಮೊದಲು-ಆಮೇಲೆ ಎಂಬುದರಲ್ಲಿ ಎಡವಿದಿರೇ? ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಪುಸ್ತಕ. ಎರಡನೆಯದಕ್ಕೆ ನಿಧಾನ; ರೋಗಿಗೆ ಇನ್ನೂ ತಿಳಿವಳಿಕೆ ಬೇಕು ಎಂದು ತೋರಿಸುವ ಮಾತು ಯಾವುದು ಎಂದು ಕೇಳಿದಾಗ ಹುಡುಕಬೇಕಾದದ್ದು ರೋಗಿಯ ತಪ್ಪು ಮಾತನ್ನು, ಆದರೆ ಅವಸರದಲ್ಲಿ ಕೈ ಸರಿ ಮಾತಿನ ಮೇಲೆ ಒತ್ತುತ್ತದೆ. ಮೂರನೆಯದಕ್ಕೆ ಇನ್ನಷ್ಟು ಪ್ರಶ್ನೆಗಳೇ ಬೇಕು. ಈ ಪುಟಗಳಿಗೆ ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ಹತ್ತು ಹದಿನೈದು ದಿನ ಬಿಟ್ಟು ಒಮ್ಮೆ ಹಿಂತಿರುಗಿ. ಹಿಂತಿರುಗುವುದೆಂದರೆ ಕೈಯಿಂದ ಮುಚ್ಚಿಕೊಂಡು ಮೊದಲು ನೀವೇ ಹೇಳಬೇಕು, ಆಮೇಲೆ ನೋಡಬೇಕು.

ಹೇಳುವುದು ಕನ್ನಡದಲ್ಲೇ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಇಂಗ್ಲಿಷಿನಲ್ಲೇ ಯೋಚಿಸಬೇಕು, ಕನ್ನಡ ಮರೆತುಬಿಡಿ ಎಂದು ಕೆಲವು ಕಡೆ ಕಲಿಸುತ್ತಾರೆ. ಕಾರಣಗಳ ಸರಪಳಿ ಮೊದಲು ನಿಮ್ಮ ಮಾತಿನಲ್ಲಿ ಗಟ್ಟಿಯಾಗಲಿ. ಡಿಗಾಕ್ಸಿನ್ ತೆಗೆದುಕೊಳ್ಳುವ ರೋಗಿಗೆ ಫ್ಯುರೋಸಮೈಡ್ ಕೂಡ ಇದೆ ಅಂದುಕೊಳ್ಳಿ. ಪಕ್ಕದ ಹಾಸಿಗೆಯ ಗೆಳತಿಗೆ ಹೀಗೆ ಹೇಳಿ: "ಫ್ಯುರೋಸಮೈಡ್ ಉಚ್ಚೆ ಜಾಸ್ತಿ ಮಾಡುತ್ತೆ, ಉಚ್ಚೆ ಜೊತೆ ಪೊಟ್ಯಾಷಿಯಂ ಹೋಗುತ್ತೆ. ಪೊಟ್ಯಾಷಿಯಂ 3.5ಕ್ಕಿಂತ ಕೆಳಗೆ ಬಂದರೆ ಡಿಗಾಕ್ಸಿನ್ ಹೃದಯದ ಮೇಲೆ ಜಾಸ್ತಿ ಹಿಡಿಯುತ್ತೆ. ಹಸಿವಿಲ್ಲ, ವಾಂತಿ ಬಂದ ಹಾಗಾಗುತ್ತೆ, ಹಳದಿ-ಹಸಿರು ಕಾಣುತ್ತೆ ಅಂತಾರೆ. ಅದಕ್ಕೇ ಕೊಡೋ ಮೊದಲು ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ಒಂದು ನಿಮಿಷ ಪೂರ್ತಿ ಎಣಿಸಬೇಕು, ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ತಡೆದು ತಿಳಿಸಬೇಕು." ಇಷ್ಟು ತಡವರಿಸದೆ ಬಂದಮೇಲೆ ಅದನ್ನೇ ಸರಳ ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ. ಡಿಗಾಕ್ಸಿನ್ ಬಗ್ಗೆ ಎಂಟು ಬೇರೆ ಬೇರೆ ಪ್ರಶ್ನೆ ಬಂದರೂ ಈ ಒಂದು ಸರಪಳಿ ಸಾಕಾಗುತ್ತದೆ. ಬಿಡಿ ಬಿಡಿಯಾಗಿ ಬಾಯಿಪಾಠ ಮಾಡಿದ ಎಂಟು ಸಾಲು ಸಾಕಾಗುವುದಿಲ್ಲ.

ಔಷಧಗಳ ಹೆಸರಿನಲ್ಲಿ ನಮಗೆ ಒಂದು ಹೆಚ್ಚುವರಿ ತೊಡಕಿದೆ, ಅದನ್ನು ಒಂದೇ ಸಂಜೆಯಲ್ಲಿ ಮುಗಿಸಿಬಿಡಿ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಾಮಿನೋಫೆನ್. ಸಾಲ್ಬುಟಮಾಲ್ ಆಲ್ಬ್ಯುಟರಾಲ್, ಅಡ್ರಿನಲಿನ್ ಎಪಿನೆಫ್ರಿನ್, ಲಿಗ್ನೋಕೇನ್ ಲಿಡೋಕೇನ್, ಪೆಥಿಡಿನ್ ಮೆಪೆರಿಡಿನ್. ರೈಲ್ಸ್ ಟ್ಯೂಬ್ ಅಂದರೆ ಅಲ್ಲಿಯವರಿಗೆ ತಿಳಿಯದು, ನೇಸೋಗ್ಯಾಸ್ಟ್ರಿಕ್ ಟ್ಯೂಬ್ ಎನ್ನಬೇಕು. ತೂಕ ಪೌಂಡ್‌ನಲ್ಲಿ ಕೊಟ್ಟರೆ 2.2ರಿಂದ ಭಾಗಿಸಿ ಕಿಲೋಗೆ ತನ್ನಿ.

ಈ ಪರೀಕ್ಷೆಯ ಯೋಜನೆಯನ್ನು ಅದನ್ನು ನಡೆಸುವ ಸಂಸ್ಥೆ ಎನ್‌ಸಿಎಸ್‌ಬಿಎನ್ ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸಿ ಉಚಿತವಾಗಿ ಪ್ರಕಟಿಸುತ್ತದೆ. ನೀವು ಬರೆಯುವ ದಿನಕ್ಕೆ ಯಾವುದು ಜಾರಿಯಲ್ಲಿದೆಯೋ ಅದನ್ನು ಇಳಿಸಿಕೊಂಡು ಓದಿ. ಎಷ್ಟೋ ಕೋಚಿಂಗ್ ನೋಟ್ಸ್‌ಗಿಂತ ಅದು ಹೆಚ್ಚು ಹೇಳುತ್ತದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಮೆಡಿಕಲ್ ಸರ್ಜಿಕಲ್ ಕಾಯಿಲೆಗಳದ್ದಲ್ಲ, ಮ್ಯಾನೇಜ್‌ಮೆಂಟ್ ಆಫ್ ಕೇರ್ ಎಂಬ ಭಾಗದ್ದು: ಶೇ. 15ರಿಂದ 21. ಔಷಧಗಳದ್ದು ಶೇ. 13ರಿಂದ 19. ನಮ್ಮವರು ಹೆಚ್ಚು ಅಂಕ ಕಳೆದುಕೊಳ್ಳುವುದನ್ನು ನಾನು ಕಂಡಿರುವುದು ಆ ಮೊದಲ ಭಾಗದಲ್ಲೇ. ಅದಕ್ಕೆ ಕಾರಣ ನಮ್ಮ ವಾರ್ಡುಗಳಲ್ಲಿದೆ.

ನಮ್ಮ ವಾರ್ಡಿನಲ್ಲಿ ರೋಗಿಗೆ ಮೈ ಒರೆಸುವುದು, ಉಣಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಬಹುಪಾಲು ಪೇಷೆಂಟ್ ಕಡೆಯವರು ಅಥವಾ ಆಯಾ. ಔಷಧ, ಡ್ರಿಪ್, ಚಾರ್ಟು, ಬಿಲ್ಲಿಂಗ್ ಕೆಲಸ, ರೌಂಡ್ಸ್ ಹಿಂದೆ ಓಡುವುದು ನಾವು. ಅಮೆರಿಕದ ವಾರ್ಡಿನಲ್ಲಿ ಆರ್‌ಎನ್ ಕೆಳಗೆ ಬೇರೆ ಲೈಸೆನ್ಸ್ ಇರುವ ಎಲ್‌ಪಿಎನ್ ಇರುತ್ತಾರೆ, ಅವರ ಜೊತೆಗೆ ಲೈಸೆನ್ಸ್ ಇಲ್ಲದ ಸಹಾಯಕರು. ಯಾರಿಗೆ ಯಾವ ಕೆಲಸ ವಹಿಸಬಹುದು ಎಂದು ಪರೀಕ್ಷೆ ಪದೇ ಪದೇ ಕೇಳುತ್ತದೆ. ನೀವು ಕಣ್ಣಾರೆ ಕಾಣದ ವ್ಯವಸ್ಥೆ ಇದು, ಆದ್ದರಿಂದ ಅನುಭವ ನೆರವಿಗೆ ಬರುವುದಿಲ್ಲ, ಓದಿಯೇ ಕಲಿಯಬೇಕು. ಮೊದಲ ಬಾರಿಯ ಪರಿಶೀಲನೆ, ರೋಗಿಗೆ ತಿಳಿಹೇಳುವುದು, ಕೊಟ್ಟ ಚಿಕಿತ್ಸೆ ಫಲಿಸಿತೇ ಎಂದು ತೀರ್ಮಾನಿಸುವುದು, ಸ್ಥಿತಿ ಏರುಪೇರಾಗುತ್ತಿರುವ ರೋಗಿ, ಇವನ್ನು ಆರ್‌ಎನ್ ಕೆಳಗಿನವರಿಗೆ ಬಿಡುವಂತಿಲ್ಲ. ಸ್ಥಿರವಾಗಿರುವ ರೋಗಿಯ ಸ್ನಾನ, ಊಟ, ಓಡಾಟ, ತೂಕ, ಮೂತ್ರದ ಅಳತೆ ಸಹಾಯಕರಿಗೆ ವಹಿಸಬಹುದು. ಆದರೆ ನುಂಗಲು ಕಷ್ಟವಿರುವ ರೋಗಿಗೆ ಉಣಿಸುವುದನ್ನು ವಹಿಸಬಾರದು. ಇಂಥ ಪ್ರಶ್ನೆಗಳನ್ನೇ ಒಂದು ವಾರ ಹಿಡಿದು ಬಿಡಿಸಿದರೆ ಕೈ ಕೂರುತ್ತದೆ.

ನಮ್ಮವರು ಎಡವುವ ಎರಡನೆಯ ಜಾಗ ಇನ್ನೂ ಆಳದ್ದು. ಏನಾದರೂ ಆದ ಕೂಡಲೇ ಡಾಕ್ಟರಿಗೆ ಫೋನ್ ಮಾಡು ಎಂದು ನಮಗೆ ಮೊದಲ ದಿನದಿಂದ ಕಲಿಸಿದ್ದಾರೆ. ತಾನೇ ಏನಾದರೂ ಮಾಡಿದ ನರ್ಸಿಗೆ ಬೈಗುಳ ಬಿದ್ದದ್ದನ್ನು ನೀವೆಲ್ಲ ನೋಡಿದ್ದೀರಿ. ಆ ಹೆದರಿಕೆ ಪರೀಕ್ಷೆಯ ಕೋಣೆಗೂ ಬರುತ್ತದೆ. ರಕ್ತ ಹಾಕಿ ಹತ್ತು ನಿಮಿಷವಾಗಿದೆ, ರೋಗಿ ಚಳಿಯಿಂದ ನಡುಗುತ್ತಿದ್ದಾನೆ, ಸೊಂಟ ನೋವು ಎನ್ನುತ್ತಾನೆ. ಆಯ್ಕೆಗಳಲ್ಲಿ ಡಾಕ್ಟರಿಗೆ ತಿಳಿಸುವುದು ಇದೆ, ಬಿಪಿ ನೋಡುವುದು ಇದೆ, ರಕ್ತದ ವೇಗ ತಗ್ಗಿಸುವುದು ಇದೆ, ನಿಲ್ಲಿಸುವುದು ಇದೆ. ನಮ್ಮವರ ಕೈ ಮೊದಲನೆಯದರ ಮೇಲೆ ಹೋಗುತ್ತದೆ. ನೀವು ಫೋನ್ ಹುಡುಕುವಷ್ಟು ಹೊತ್ತೂ ಆ ರಕ್ತ ಒಳಗೆ ಹೋಗುತ್ತಲೇ ಇರುತ್ತದೆ. ಮೊದಲು ನಿಲ್ಲಿಸಿ. ಹೊಸ ಟ್ಯೂಬಿಂಗ್ ಹಾಕಿ ನಾರ್ಮಲ್ ಸಲೈನ್‌ನಿಂದ ರಕ್ತನಾಳವನ್ನು ತೆರೆದಿಡಿ. ರೋಗಿಯ ಬಳಿಯೇ ಇದ್ದು ವೈಟಲ್ಸ್ ನೋಡುತ್ತ ಡಾಕ್ಟರಿಗೆ, ಬ್ಲಡ್ ಬ್ಯಾಂಕಿಗೆ ತಿಳಿಸಿ. ಡಾಕ್ಟರಿಗೆ ತಿಳಿಸುವ ಮೊದಲು ನಾನೇ ಮಾಡಬಹುದಾದ, ರೋಗಿಯನ್ನು ಈ ಕ್ಷಣ ಕಾಪಾಡುವ ಕೆಲಸವೇನಾದರೂ ಆಯ್ಕೆಗಳಲ್ಲಿದೆಯೇ ಎಂದು ನೋಡುವುದನ್ನು ರೂಢಿಸಿಕೊಳ್ಳಿ. ಅಂಥದ್ದು ಇಲ್ಲದಿದ್ದರೆ, ಮಾಡಬೇಕಾದ್ದೆಲ್ಲ ಆಗಿದೆ ಎಂದು ಪ್ರಶ್ನೆಯೇ ಹೇಳಿದ್ದರೆ, ಆಗ ತಿಳಿಸುವುದೇ ಸರಿ ಉತ್ತರ. ಇದು ಬರೀ ಅಂಕದ ಉಪಾಯವಲ್ಲ. ಈ ಪರೀಕ್ಷೆ ನರ್ಸನ್ನು ಸ್ವಂತ ತೀರ್ಮಾನವುಳ್ಳ ವೃತ್ತಿಪರಳಾಗಿ ನೋಡುತ್ತದೆ. ನೀವೂ ನಿಮ್ಮನ್ನು ಹಾಗೆ ನೋಡಿಕೊಳ್ಳಬೇಕೆಂಬುದು ನನ್ನ ಆಸೆ, ವಿಮಾನ ಹತ್ತಿದರೂ ಸರಿ, ಇಲ್ಲೇ ಇದ್ದರೂ ಸರಿ.

ಮೂರನೆಯದು ಮಾತು. ನಾಳೆ ಆಪರೇಷನ್ ಇರುವ ಹೆಂಗಸು ಹೆದರಿ ಅಳುತ್ತಿದ್ದರೆ ನಮ್ಮ ಬಾಯಲ್ಲಿ ತಾನಾಗಿ ಬರುವುದು, "ಏನೂ ಆಗಲ್ಲಮ್ಮ, ನಮ್ಮ ಡಾಕ್ಟರು ತುಂಬ ಒಳ್ಳೆಯವರು, ಧೈರ್ಯವಾಗಿರಿ." ನಮ್ಮ ವಾರ್ಡಿನಲ್ಲಿ ಆ ಮಾತಿಗೆ ಬೆಲೆಯಿದೆ. ಎನ್‌ಕ್ಲೆಕ್ಸ್‌ನಲ್ಲಿ ಮಾತ್ರ ಅದು ಸುಳ್ಳು ಭರವಸೆ, ತಪ್ಪು ಉತ್ತರ. ಯಾವುದರ ಬಗ್ಗೆ ಹೆಚ್ಚು ಹೆದರಿಕೆ, ಹೇಳಿ ಎಂದು ಅವರ ಮಾತಿಗೆ ಜಾಗ ಮಾಡಿಕೊಡುವ ಆಯ್ಕೆಯನ್ನು ಹುಡುಕಿ. ಏಕೆ ಹಾಗೆ ಮಾಡಿದಿರಿ ಎಂದು ರೋಗಿಯನ್ನು ಕೇಳುವ ಆಯ್ಕೆಗಳನ್ನೂ ಬಹುಮಟ್ಟಿಗೆ ಬಿಡಬಹುದು.

ಇನ್ನು ಯಂತ್ರದ ವಿಷಯ. 1994ರಿಂದ ಈ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಅದೂ ನಿಮ್ಮ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ ಆರಿಸುವ ಕ್ರಮದಲ್ಲಿ. ಸರಿ ಮಾಡಿದರೆ ಮುಂದಿನದು ಕಷ್ಟವಾಗುತ್ತ ಹೋಗುತ್ತದೆ, ತಪ್ಪಿದರೆ ಸುಲಭದ್ದು ಬರುತ್ತದೆ. ಸರಿಯೋ ತಪ್ಪೋ ಎಂದು ಅರ್ಧಕ್ಕರ್ಧ ಅನುಮಾನ ಉಳಿಸುವ ಪ್ರಶ್ನೆಗಳನ್ನೇ ಅದು ಹುಡುಕುತ್ತದೆ. ಹಾಗಾಗಿ ಒಳಗೆ ಕೂತವರಿಗೆಲ್ಲ ತಾನು ಸೋಲುತ್ತಿದ್ದೇನೆ ಎಂದೇ ಅನಿಸುತ್ತದೆ. ಚೆನ್ನಾಗಿ ಬರೆಯುತ್ತಿರುವವರಿಗೂ ಹಾಗೇ ಅನಿಸುತ್ತದೆ. ಈಗಿನ ರೂಪದಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ಅದರಲ್ಲಿ 15 ಪ್ರಶ್ನೆಗಳು ಅಂಕಕ್ಕೆ ಸೇರುವುದಿಲ್ಲ, ಆದರೆ ಯಾವುವು ಎಂದು ತಿಳಿಯದು. ನೀವು ಪಾಸಾಗುವ ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂದು ಶೇ. 95ರಷ್ಟು ಖಚಿತವಾದಾಗ ಯಂತ್ರ ನಿಲ್ಲುತ್ತದೆ. 85ಕ್ಕೆ ನಿಂತರೆ ಪಾಸು, 150ರವರೆಗೆ ಹೋದರೆ ಫೇಲು ಎಂಬ ಮಾತು ನಿಮ್ಮ ನಡುವೆ ಓಡಾಡುತ್ತದೆ, ಅದರಲ್ಲಿ ಸತ್ಯವಿಲ್ಲ; 85ಕ್ಕೆ ನಿಂತು ಸೋಲುವುದೂ ಉಂಟು, 150ರ ಕೊನೆಯ ಪ್ರಶ್ನೆಯವರೆಗೆ ಹೋಗಿ ಗೆಲ್ಲುವುದೂ ಉಂಟು. ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಅದಕ್ಕೇ ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಒತ್ತಿದ್ದನ್ನು ಬಿಟ್ಟು ಮುಂದೆ ಹೋಗುವುದನ್ನು ಕಲಿಯಿರಿ. ವಾರಕ್ಕೊಮ್ಮೆ 85 ಪ್ರಶ್ನೆಗಳನ್ನು, ಎಲ್ಲ ವಿಷಯ ಕಲಸಿ, ಫೋನ್ ದೂರವಿಟ್ಟು, ಒಂದೇ ಕೂರಿಕೆಯಲ್ಲಿ ಬಿಡಿಸಿ.

2023ರ ಏಪ್ರಿಲ್ 1ರಿಂದ ಬಂದ ಹೊಸ ಬಗೆಯ ಕೇಸ್ ಸ್ಟಡಿಗಳಿಗೆ ಅನೇಕರು ಹೆದರುತ್ತಾರೆ. ಅಂಕಕ್ಕೆ ಸೇರುವ ಕೇಸ್ ಮೂರು, ಒಂದೊಂದರಲ್ಲಿ ಆರು ಪ್ರಶ್ನೆ. ನಿಜ ಹೇಳಬೇಕೆಂದರೆ ವಾರ್ಡಿನಲ್ಲಿ ನಿಂತು ಕೆಲಸ ಮಾಡುವ ನಿಮಗೆ ಇದು ಹತ್ತಿರದ್ದು. ಮೂತ್ರದ ಸೋಂಕಿನಿಂದ ಅಡ್ಮಿಟ್ ಆದ ಐವತ್ತು ಕಿಲೋ ತೂಕದ ಅಜ್ಜಿ. ಬೆಳಗಿನಿಂದ ಏನೇನೋ ಮಾತಾಡ್ತಿದ್ದಾರೆ ಎಂದು ಮಗಳು ಹೇಳುತ್ತಾಳೆ. ಜ್ವರ 101.8, ನಾಡಿ 118, ಉಸಿರು 26, ಬಿಪಿ 88/50, ಯೂರಿನ್ ಬ್ಯಾಗಿನಲ್ಲಿ ಸ್ವಲ್ಪವೇ. ಇವುಗಳಲ್ಲಿ ಗಮನಿಸಬೇಕಾದದ್ದು ಯಾವುದು? ಸೇರಿಸಿ ನೋಡಿದರೆ ಏನು ಹೇಳುತ್ತವೆ? ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು? ಸೆಪ್ಸಿಸ್. ಏನೇನು ಮಾಡಬಹುದು, ಯಾವುದನ್ನು ಮೊದಲು? ಆಂಟಿಬಯಾಟಿಕ್‌ಗಿಂತ ಮೊದಲು ಬ್ಲಡ್ ಕಲ್ಚರ್, ಆದರೆ ಅದಕ್ಕಾಗಿ ಆಂಟಿಬಯಾಟಿಕ್ ತಡವಾಗಬಾರದು. ಡ್ರಿಪ್ ತೂಕದ ಲೆಕ್ಕದಲ್ಲಿ, ಕಿಲೋಗೆ 30 ಎಂಎಲ್. ಕೊನೆಗೆ, ಮಾಡಿದ್ದು ಫಲಿಸಿತೇ? ಗಂಟೆಗೆ ಕನಿಷ್ಠ 25 ಎಂಎಲ್ ಮೂತ್ರ ಬರುತ್ತಿದೆಯೇ, ಅಜ್ಜಿ ಮಗಳ ಗುರುತು ಹಿಡಿಯುತ್ತಿದ್ದಾರೆಯೇ? ಪರೀಕ್ಷೆಯ ಆರು ಹೆಜ್ಜೆಗಳು ಇವೇ. ಉತ್ತರಗಳಲ್ಲಿ ಸರಿಯಾದಷ್ಟಕ್ಕೆ ಅಂಕ ಸಿಗುತ್ತದೆ. ಅನ್ವಯಿಸುವ ಎಲ್ಲವನ್ನೂ ಆರಿಸಿ ಎಂಬ ಪ್ರಶ್ನೆಯಲ್ಲಿ ತಪ್ಪು ಆರಿಸಿದರೆ ಗಳಿಸಿದ್ದರಲ್ಲಿ ಕಳೆಯುತ್ತಾರೆ, ಆದರೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಅನುಮಾನವಿದ್ದದ್ದನ್ನೆಲ್ಲ ಒತ್ತಬೇಡಿ, ಒಂದೊಂದು ಆಯ್ಕೆಯನ್ನೂ ಹೌದೋ ಅಲ್ಲವೋ ಎಂದು ಬೇರೆಯಾಗಿ ಕೇಳಿಕೊಳ್ಳಿ.

ಆದ್ದರಿಂದ ನಿಮ್ಮ ಅತ್ಯುತ್ತಮ ಕ್ವೆಶ್ಚನ್ ಬ್ಯಾಂಕ್ ನಿಮ್ಮ ಹ್ಯಾಂಡೋವರ್ ಎನ್ನುತ್ತೇನೆ. ಇವತ್ತು ಡ್ಯೂಟಿಗೆ ಹೋದಾಗ ನಿಮ್ಮ ಪಾಲಿನ ರೋಗಿಗಳಲ್ಲಿ ಮೊದಲು ಯಾರು, ಏಕೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ. ಡ್ಯೂಟಿ ಮುಗಿಯುವಾಗ ನಿಮ್ಮ ಲೆಕ್ಕ ಸರಿಯಿತ್ತೇ ನೋಡಿ. ಕೊಡುತ್ತಿರುವ ಪ್ರತಿ ಔಷಧಕ್ಕೂ ಏಕೆ, ಕೊಡುವ ಮೊದಲು ಏನು ನೋಡಬೇಕು ಎಂದು ಕೇಳಿಕೊಳ್ಳಿ. ಇದಕ್ಕೆ ಬೇರೆ ಸಮಯ ಬೇಕಿಲ್ಲ. ರೋಗಿಗಳ ಹೆಸರು, ಕೇಸ್ ಶೀಟಿನ ಫೋಟೊ ಮಾತ್ರ ನಿಮ್ಮ ನೋಟ್‌ಬುಕ್ಕಿಗೂ ಬೇಡ, ಗುಂಪಿಗೂ ಬೇಡ.

ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಓದಬೇಡಿ. ತಿಂಡಿ ತಿಂದು ಮಲಗಿ. ಕಲಿತದ್ದು ನೆನಪಿನಲ್ಲಿ ನೆಲೆಯಾಗುವುದು ನಿದ್ದೆಯಲ್ಲಿ; ನಿದ್ದೆ ಕದ್ದು ಓದಿದರೆ ಎರಡೂ ಕೈಬಿಡುತ್ತವೆ. ವಾರದ ಟೈಂಟೇಬಲ್ ಹಾಕುವಾಗ ಸೋಮವಾರ, ಮಂಗಳವಾರ ಎಂದು ಹಾಕದೆ ರೋಸ್ಟರ್ ನೋಡಿ ಹಾಕಿ: ಮಾರ್ನಿಂಗ್ ಡ್ಯೂಟಿಯ ದಿನ ಸಂಜೆ ಮೂವತ್ತು ಪ್ರಶ್ನೆ, ನೈಟ್ ಇದ್ದ ದಿನ ಎದ್ದಮೇಲೆ ತಪ್ಪಿನ ನೋಟ್‌ಬುಕ್ ಮಾತ್ರ, ಆಫ್ ಇದ್ದ ದಿನ ದೊಡ್ಡ ಕೂರಿಕೆ.

ಇವು ಇತ್ತೀಚೆಗೆ ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳು ಎಂದು ರೀಕಾಲ್ ಪಿಡಿಎಫ್ ಮಾರುವವರು ನಿಮ್ಮ ನಡುವೆ ಬರುತ್ತಾರೆ. ದಯವಿಟ್ಟು ಕೊಳ್ಳಬೇಡಿ, ಹಂಚಲೂ ಬೇಡಿ. ಪರೀಕ್ಷೆ ಬರೆಯುವ ಮೊದಲು ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ನೀವು ಒಪ್ಪಿಗೆ ಕೊಡುತ್ತೀರಿ. ಅದನ್ನು ಮುರಿದರೆ ಫಲಿತಾಂಶವನ್ನೇ ತಡೆಯಬಹುದು, ಲೈಸೆನ್ಸಿಗೂ ಕುತ್ತು. ಪ್ರಶ್ನೆಗಳ ಭಂಡಾರ ದೊಡ್ಡದು, ಒಬ್ಬೊಬ್ಬರಿಗೆ ಬರುವುದೂ ಬೇರೆ ಬೇರೆ, ಆದ್ದರಿಂದ ಆ ಹಾಳೆಗಳಿಂದ ಪ್ರಯೋಜನವೂ ಇಲ್ಲ.

ಕೊನೆಗೆ, ಒಮ್ಮೆ ಬರೆದು ಸೋತು ಯಾರಿಗೂ ಹೇಳದೆ ಕೂತಿರುವವರಿಗೆ. ಹೊರದೇಶಗಳಲ್ಲಿ ಓದಿದವರು ಮೊದಲ ಯತ್ನದಲ್ಲಿ ಪಾಸಾಗುವ ಪ್ರಮಾಣ ಅಮೆರಿಕದಲ್ಲೇ ಓದಿದವರಿಗಿಂತ ಕಡಿಮೆ ಎಂದು ಎನ್‌ಸಿಎಸ್‌ಬಿಎನ್‌ನ ವರ್ಷವರ್ಷದ ಅಂಕಿ ಅಂಶಗಳೇ ಹೇಳುತ್ತವೆ. ನೀವೊಬ್ಬರೇ ಅಲ್ಲ. ಮತ್ತೆ ಬರೆಯಲು 45 ದಿನ ಕಾಯಬೇಕು. ಸೋತವರಿಗೆ ಒಂದು ವರದಿ ಕೊಡುತ್ತಾರೆ: ಪ್ರತಿ ವಿಭಾಗದಲ್ಲೂ ನೀವು ಗೆರೆಗಿಂತ ಮೇಲಿದ್ದಿರೋ, ಹತ್ತಿರವಿದ್ದಿರೋ, ಕೆಳಗಿದ್ದಿರೋ ಎಂದು. ಬಹಳ ಜನ ಅದನ್ನು ತೆರೆದೂ ನೋಡದೆ ಮೊದಲ ಪುಟದಿಂದ ಮತ್ತೆ ಓದಲು ಶುರುಮಾಡುತ್ತಾರೆ. ತೆರೆಯಿರಿ. ಕೆಳಗೆ ಎಂದಿರುವ ವಿಭಾಗಗಳನ್ನು ಮೊದಲ ಮೂರು ವಾರ ಹಿಡಿಯಿರಿ, ಹತ್ತಿರ ಎಂದಿರುವುದನ್ನು ಆಮೇಲೆ. ಮೇಲೆ ಎಂದಿರುವುದನ್ನು ವಾರಕ್ಕೊಮ್ಮೆ ಕೆಲವು ಪ್ರಶ್ನೆಗಳಿಂದ ಬೆಚ್ಚಗಿಟ್ಟರೆ ಸಾಕು. 45 ದಿನ ಸಾಲದೆನಿಸಿದರೆ ಇನ್ನೂ ತಡೆದು ದಿನಾಂಕ ತೆಗೆದುಕೊಳ್ಳಿ. ಏಜೆಂಟ್ ಅವಸರ ಮಾಡಿದನೆಂದು ಪರೀಕ್ಷೆಗೆ ಕೂರಬೇಡಿ. ನಿಮ್ಮ ಕಾಲೇಜಿನಲ್ಲಿ ಕಲಿಸಿದ ಯಾವ ಟೀಚರ್ ಬಳಿಗಾದರೂ ಆ ವರದಿಯನ್ನೂ ತಪ್ಪಿನ ನೋಟ್‌ಬುಕ್ಕನ್ನೂ ಹಿಡಿದುಕೊಂಡು ಹೋಗಿ, ಸಂಕೋಚ ಬೇಡ. ಎದುರು ಕೂತು ನಿಮ್ಮ ಕಾರಣಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುವಷ್ಟು ಸಮಯವನ್ನು ನಾವು ಮಾಡಿಕೊಡುತ್ತೇವೆ.

ಪ್ರೀತಿಯಿಂದ,
ನಿಮ್ಮ ಒಬ್ಬ ನರ್ಸಿಂಗ್ ಟೀಚರ್